ದೂರದಿಂದ ಕಂಡ ಸ್ವದೇಶ: ಯೂರೋಪಿನಲ್ಲಿ ಸಾನ್ ಮಾರ್ತೀನನ ನಿವೃತ್ತ ಜೀವನ (1824–1850)

1. ವಿಷಯ ಪ್ರವೇಶ

ದಕ್ಷಿಣ ಅಮೆರಿಕದ ಸ್ವಾತಂತ್ರ್ಯ ಸಮರದ ನಾಯಕರಲ್ಲಿ ಸಿಮೋನ್ ಬೊಲಿವರನ ಸಮಕ್ಕೆ ನಿಲ್ಲಬಲ್ಲವನು ಹೊಸೆ ದೆ ಸಾನ್ ಮಾರ್ತೀನ್. ಅರ್ಜೆಂಟೀನ, ಚಿಲಿ, ಪೆರು ಈ ಮೂರು ದೇಶಗಳ ವಿಮೋಚನೆಯ ಕಥೆಯಲ್ಲಿ ಅವನ ಹೆಸರು ಬೆರೆತುಹೋಗಿದೆ. ಆದರೆ ಅವನ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ 1822ನೆಯ ಇಸವಿಗೆ ಬಂದು ಲೇಖನಿಯನ್ನು ಕೆಳಗಿಡುತ್ತಾರೆ. ಆ ವರ್ಷ ಅವನು ಅಧಿಕಾರವನ್ನು ತ್ಯಜಿಸಿದನು, ಅನಂತರ ಯೂರೋಪಿಗೆ ಹೋದನು, ಅಲ್ಲಿಯೇ ತೀರಿಕೊಂಡನು ಎಂದು ಎರಡು ಮೂರು ವಾಕ್ಯಗಳಲ್ಲಿ ಉಳಿದ ಜೀವಿತವೆಲ್ಲ ಮುಗಿದುಹೋಗುತ್ತದೆ. ಅಮೆರಿಕದಲ್ಲಿ ಅವನು ಸಲ್ಲಿಸಿದ ಸೇವೆಯಾದರೋ ಸುಮಾರು ಹತ್ತು ವರ್ಷಗಳದು. ಯೂರೋಪಿನಲ್ಲಿ ಕಳೆದ ನಿವೃತ್ತ ಜೀವನ ಇಪ್ಪತ್ತಾರು ವರ್ಷಗಳದು. ಈ ಇಪ್ಪತ್ತಾರು ವರ್ಷವೂ ಅವನ ದೃಷ್ಟಿ ಅಟ್ಲಾಂಟಿಕ್ ಸಾಗರದ ಆಚೆಯ ದಡದಲ್ಲಿಯೇ ನೆಟ್ಟಿತ್ತು.

ಈ ಅವಧಿಯನ್ನು ಇತಿಹಾಸಕಾರರು ಬದಿಗೆ ಸರಿಸಿರುವುದಕ್ಕೆ ಇನ್ನೊಂದು ಕಾರಣವೂ ಉಂಟು. 1844ರ ಜನವರಿ 23ರಂದು ಪ್ಯಾರಿಸಿನಲ್ಲಿ ಬರೆದ ಉಯಿಲಿನಲ್ಲಿ ಸಾನ್ ಮಾರ್ತೀನನು, ಸ್ವಾತಂತ್ರ್ಯ ಸಮರದ ಉದ್ದಕ್ಕೂ ತನ್ನ ಜೊತೆಗಿದ್ದ ಖಡ್ಗವನ್ನು ಬ್ಯೂನಸ್ ಐರಿಸಿನ ರಾಜ್ಯಪಾಲ ಹ್ವಾನ್ ಮನ್ಯುಯೆಲ್ ದೆ ರೋಸಾಸನಿಗೆ ಬಿಟ್ಟುಕೊಟ್ಟನು. ರೋಸಾಸನು ವಿರೋಧಿಗಳನ್ನು ನಿರ್ದಯವಾಗಿ ಮರ್ದಿಸಿದ ಸರ್ವಾಧಿಕಾರಿ. ಮೂರು ದೇಶಗಳನ್ನು ಬಿಡಿಸಿದವನ ಖಡ್ಗ ಇಂಥವನ ಕೈಗೆ ಹೋದುದೇಕೆ? ಈ ಪ್ರಶ್ನೆಗೆ ಎರಡು ಉತ್ತರಗಳು ಬಹುಕಾಲದಿಂದ ಪ್ರಚಾರದಲ್ಲಿವೆ. ದೂರದಲ್ಲಿದ್ದ ವೃದ್ಧನಿಗೆ ತಾಯ್ನಾಡಿನ ನಿಜಸ್ಥಿತಿ ತಿಳಿಯದೆ ಹೋಯಿತೆಂಬುದು ಒಂದು. ಅವನು ರೋಸಾಸನ ಆಳ್ವಿಕೆಯನ್ನು ಪೂರ್ಣವಾಗಿ ಮೆಚ್ಚಿದ್ದನೆಂಬುದು ಇನ್ನೊಂದು. ಇವೆರಡೂ ಸಾಲವೆಂದೂ, ಅವನ ಪತ್ರಗಳನ್ನು ತಾರೀಖಿನ ಕ್ರಮದಲ್ಲಿ ಇಟ್ಟು ನೋಡಿದರೆ ಬೇರೊಂದು ಉತ್ತರ ದೊರೆಯುವುದೆಂದೂ ತೋರಿಸುವುದು ಈ ಲೇಖನದ ಉದ್ದೇಶ.

2. ನಿರ್ಗಮನದ ಹಿನ್ನೆಲೆ

ಸಾನ್ ಮಾರ್ತೀನನು 1778ರ ಫೆಬ್ರವರಿ 25ರಂದು ಉರುಗ್ವೆ ನದಿಯ ದಡದ ಯಪೆಯೂ ಎಂಬ ಊರಿನಲ್ಲಿ, ಸ್ಪೇನಿನ ಅಧಿಕಾರಿಯೊಬ್ಬನ ಮಗನಾಗಿ ಹುಟ್ಟಿದನು. ಬಾಲ್ಯದಲ್ಲಿಯೇ ಸ್ಪೇನಿಗೆ ಹೋಗಿ ಅಲ್ಲಿಯ ಸೈನ್ಯದಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ದುಡಿದನು. 1812ರಲ್ಲಿ ಬ್ಯೂನಸ್ ಐರಿಸಿಗೆ ಮರಳಿ ಕ್ರಾಂತಿಯ ಪಕ್ಷವನ್ನು ಸೇರಿದನು. 1817ರಲ್ಲಿ ಸೈನ್ಯದೊಡನೆ ಆಂಡೀಸ್ ಪರ್ವತವನ್ನು ದಾಟಿ ಫೆಬ್ರವರಿ 12ರಂದು ಚಕಬೂಕೊ ಎಂಬಲ್ಲಿಯೂ, ಮರುವರ್ಷ ಏಪ್ರಿಲ್ 5ರಂದು ಮೈಪೂ ಎಂಬಲ್ಲಿಯೂ ಜಯಗಳಿಸಿ ಚಿಲಿಯ ಸ್ವಾತಂತ್ರ್ಯವನ್ನು ಭದ್ರಪಡಿಸಿದನು. 1821ರ ಜುಲೈ 28ರಂದು ಲೀಮಾ ನಗರದಲ್ಲಿ ಪೆರುವಿನ ಸ್ವಾತಂತ್ರ್ಯವನ್ನು ಘೋಷಿಸಿದನು. ಮರುವರ್ಷ ಜುಲೈ ತಿಂಗಳಿನಲ್ಲಿ ಗ್ವಾಯಾಕೀಲ್ ಬಂದರಿನಲ್ಲಿ ಬೊಲಿವರನನ್ನು ಸಂಧಿಸಿ, ಸೆಪ್ಟೆಂಬರ್ 20ರಂದು ಪೆರುವಿನ ಕಾಂಗ್ರೆಸ್ಸಿನ ಮುಂದೆ ಅಧಿಕಾರವನ್ನು ಒಪ್ಪಿಸಿಬಿಟ್ಟನು.

ಆಗ ಅವನಿಗೆ ನಲವತ್ತನಾಲ್ಕು ವರ್ಷ. ಸ್ವದೇಶದಲ್ಲಿ ಅವನಿಗೆ ನೆಮ್ಮದಿ ದೊರೆಯಲಿಲ್ಲ. ಬ್ಯೂನಸ್ ಐರಿಸಿನಲ್ಲಿ ಪ್ರಬಲನಾಗಿದ್ದ ರಿವದಾವಿಯನಿಗೂ ಅವನಿಗೂ ಹಳೆಯ ವೈರವಿತ್ತು. 1823ರ ಆಗಸ್ಟಿನಲ್ಲಿ ಪತ್ನಿ ರೆಮೇದಿಯೋಸ್ ತೀರಿಕೊಂಡಳು. 1824ರ ಫೆಬ್ರವರಿ 10ರಂದು ಏಳು ವರ್ಷದ ಮಗಳು ಮೆರ್ಸೇದೆಸಳನ್ನು ಕರೆದುಕೊಂಡು ಅವನು ಹಡಗನ್ನೇರಿದನು. ಬೂರ್ಬನ್ ದೊರೆಗಳ ಫ್ರಾನ್ಸು ಈ ಗಣರಾಜ್ಯವಾದಿ ಸೇನಾನಿಯನ್ನು ಇರಗೊಡಲಿಲ್ಲ. ಇಂಗ್ಲೆಂಡಿನಲ್ಲಿ ಕೆಲಕಾಲವಿದ್ದು, ಜೀವನವೆಚ್ಚ ಕಡಿಮೆಯೆಂಬ ಕಾರಣದಿಂದ ಬ್ರಸೆಲ್ಸ್ ನಗರದಲ್ಲಿ ನೆಲಸಿದನು. ಪೆರು ಸರ್ಕಾರ ಗೊತ್ತುಮಾಡಿದ್ದ ಪಿಂಚಣಿ ಸಕಾಲಕ್ಕೆ ಬರುತ್ತಿರಲಿಲ್ಲ. ಬ್ಯೂನಸ್ ಐರಿಸಿನ ಮನೆಯ ಬಾಡಿಗೆ, ಬ್ರೆಜಿಲ್ ಯುದ್ಧದ ಕಾಲದಲ್ಲಿ ಅಲ್ಲಿಯ ನಾಣ್ಯದ ಬೆಲೆ ಕುಸಿದುದರಿಂದ, ಯೂರೋಪನ್ನು ಮುಟ್ಟುವ ವೇಳೆಗೆ ಅಲ್ಪವಾಗುತ್ತಿತ್ತು. ತಾಯ್ನಾಡಿನ ರಾಜಕೀಯ ಅವನಿಗೆ ಕೇವಲ ಅಭಿಮಾನದ ವಿಷಯವಾಗಿರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಅಲ್ಲಿಯ ಪ್ರತಿಯೊಂದು ಕ್ಷೋಭೆಯೂ ಇಲ್ಲಿಯ ಅವನ ಮನೆವಾರ್ತೆಯನ್ನು ತಟ್ಟುತ್ತಿತ್ತು.

3. 1829ರ ಮರುಪ್ರಯಾಣ

ಊರು ಬಿಟ್ಟವನಿಗೆ ಊರಿಗೆ ಮರಳುವ ಆಸೆ ಸಹಜವಾದುದು. ರಿವದಾವಿಯ ಅಧಿಕಾರದಿಂದ ಇಳಿದ ಮೇಲೆ, 1828ರ ಆಗಸ್ಟಿನಲ್ಲಿ ಬ್ರೆಜಿಲಿನೊಡನೆ ಶಾಂತಿಯೂ ಆದ ಬಳಿಕ, ಸಾನ್ ಮಾರ್ತೀನನು ಹಿಂತಿರುಗಲು ನಿಶ್ಚಯಿಸಿದನು. ಅದೇ ನವೆಂಬರಿನಲ್ಲಿ ಇಂಗ್ಲೆಂಡಿನ ಫಾಲ್ಮತ್ ಬಂದರಿನಿಂದ, ತಾಯಿಯ ಮನೆತನದ ಹೆಸರನ್ನು ಧರಿಸಿ 'ಹೊಸೆ ಮತೋರಾಸ್' ಎಂದು ಹೇಳಿಕೊಂಡು ಹೊರಟನು. ಅವನು ಹೊರಟಾಗ ತಾಯ್ನಾಡು ಶಾಂತವಾಗಿತ್ತು. ಅವನು ನಡುಗಡಲಿನಲ್ಲಿದ್ದಾಗ, ಡಿಸೆಂಬರ್ 1ರಂದು ಸೇನಾನಿ ಲವಾಯೆ ದಂಗೆಯೆದ್ದು ಸರ್ಕಾರವನ್ನು ಉರುಳಿಸಿದನು. 13ರಂದು ಪದಚ್ಯುತ ರಾಜ್ಯಪಾಲ ದೊರ್ರೇಗೊನನ್ನು ವಿಚಾರಣೆಯಿಲ್ಲದೆ ಗುಂಡಿಟ್ಟು ಕೊಲ್ಲಿಸಿದನು. ಈ ಲವಾಯೆ ಬೇರಾರೂ ಅಲ್ಲ, ಆಂಡೀಸ್ ಸೈನ್ಯದಲ್ಲಿ ಸಾನ್ ಮಾರ್ತೀನನ ಕೈಕೆಳಗೆ ಪಳಗಿದವನು.

1829ರ ಫೆಬ್ರವರಿ 6ರಂದು ಹಡಗು ಬ್ಯೂನಸ್ ಐರಿಸಿನ ಮುಂದೆ ಲಂಗರು ಹಾಕಿತು. ಐದು ವರ್ಷಗಳ ಮೇಲೆ ಕಣ್ಣಿಗೆ ಬಿದ್ದ ತನ್ನ ನಗರದಲ್ಲಿ ಸಾನ್ ಮಾರ್ತೀನನು ಕಾಲಿಡಲಿಲ್ಲ. ಯುದ್ಧ ಮುಗಿದ ಮೇಲೆ ಬಂದನೆಂದು ಅಲ್ಲಿಯ ಪತ್ರಿಕೆ ಕೊಂಕು ನುಡಿಯಿತು. ಅವನು ಮಾಂಟೆವಿಡಿಯೊ ನಗರಕ್ಕೆ ಹೋಗಿ ಕೆಲವು ತಿಂಗಳು ನಿಂತನು. ಅಲ್ಲಿಗೆ ಲವಾಯೆಯ ದೂತರು ಬಂದು ಅಧಿಕಾರವನ್ನು ವಹಿಸಿಕೊಳ್ಳಬೇಕೆಂದು ಕೇಳಿದರು. ಅವನು ನಿರಾಕರಿಸಿದನು. ಅದರ ಕಾರಣವನ್ನು ಏಪ್ರಿಲ್ ತಿಂಗಳಿನಲ್ಲಿ ಆಪ್ತಮಿತ್ರ ತೊಮಾಸ್ ಗಿದೊನಿಗೆ ಬರೆದ ಪತ್ರದಲ್ಲಿ ಬಿಚ್ಚಿಟ್ಟಿದ್ದಾನೆ. ದೇಶದಲ್ಲಿ ಒಕ್ಕೂಟವಾದಿಗಳು, ಏಕಾಡಳಿತವಾದಿಗಳು ಎಂಬ ಎರಡು ಪಕ್ಷಗಳು ಹಗೆ ಸಾಧಿಸುತ್ತಿವೆ. ಒಂದು ಇನ್ನೊಂದನ್ನು ನಿರ್ಮೂಲ ಮಾಡದೆ ಶಾಂತಿ ನೆಲೆಗೊಳ್ಳದು. ಆ ಕೆಲಸಕ್ಕೆ ತನ್ನಂಥ ಸೈನಿಕನನ್ನು ಹುಡುಕುತ್ತಿದ್ದಾರೆ; ತನ್ನ ದೇಶಬಾಂಧವರಿಗೆ ತಾನು ಕೊಲೆಗಡುಕನಾಗಲಾರೆ. ಇದು ಆ ಪತ್ರದ ತಾತ್ಪರ್ಯ.

ಈ ನಿರಾಕರಣೆಯನ್ನು ನಾವು ಮುಂದಿನದೆಲ್ಲಕ್ಕೂ ತಳಹದಿಯೆಂದು ಭಾವಿಸುತ್ತೇವೆ. ಅಂತಃಕಲಹದಲ್ಲಿ ತನ್ನ ಖಡ್ಗವನ್ನು ಯಾವ ಪಕ್ಷಕ್ಕೂ ಒದಗಿಸೆನೆಂಬ ನಿಯಮವನ್ನು ಅವನು ಇಲ್ಲಿ ತನಗೆ ತಾನೇ ವಿಧಿಸಿಕೊಂಡನು. 1829ರಲ್ಲಿ ಯೂರೋಪಿಗೆ ಹಿಂತಿರುಗಿದ ಮೇಲೆ ಸ್ವದೇಶವನ್ನು ಮತ್ತೆ ಕಾಣಲಿಲ್ಲ.

4. ಸುದ್ದಿಯ ದಾರಿ

ಬೆಲ್ಜಿಯಮ್ಮಿನಲ್ಲಿ ಕ್ರಾಂತಿಯಾದ ತರುವಾಯ ತಂದೆ ಮಗಳು ಪ್ಯಾರಿಸಿಗೆ ಬಂದರು. 1832ರಲ್ಲಿ ಇಬ್ಬರಿಗೂ ಕಾಲರಾ ತಗಲಿತು. ಆಗ ಆರೈಕೆ ಮಾಡಿದ ಮರಿಯಾನೊ ಬಲ್ಕಾರ್ಸೆ ಎಂಬ ತರುಣ ಹಳೆಯ ಯುದ್ಧಸಂಗಾತಿಯೊಬ್ಬನ ಮಗ. ಅದೇ ವರ್ಷದ ಕೊನೆಯಲ್ಲಿ ಮೆರ್ಸೇದೆಸಳಿಗೂ ಅವನಿಗೂ ವಿವಾಹವಾಯಿತು. ಸ್ಪೇನಿನ ಸೈನ್ಯದಲ್ಲಿ ಜೊತೆಗಾರನಾಗಿದ್ದು ಈಗ ದೊಡ್ಡ ಸಾಹುಕಾರನಾಗಿದ್ದ ಅಲೆಹಾಂದ್ರೊ ಅಗ್ವಾದೊನ ನೆರವಿನಿಂದ, 1834ರಲ್ಲಿ ಪ್ಯಾರಿಸಿನ ಸಮೀಪದಲ್ಲಿ ಸೇನ್ ನದಿಯ ಬಳಿ ಗ್ರಾಂ ಬೂರ್ ಎಂಬಲ್ಲಿ ಮನೆಯೊಂದನ್ನು ಕೊಂಡನು. ಮಗಳು, ಅಳಿಯ, ಇಬ್ಬರು ಮೊಮ್ಮಕ್ಕಳು, ಪುಸ್ತಕ, ತೋಟ ಇವೇ ಅವನ ಪ್ರಪಂಚವಾದುವು.

ಇಲ್ಲಿ ಕುಳಿತು ಅವನು ತಾಯ್ನಾಡನ್ನು ಕಂಡುದು ಎರಡು ಕಿಟಕಿಗಳ ಮೂಲಕ. ಒಂದು ಯೂರೋಪಿನ ವೃತ್ತಪತ್ರಿಕೆ, ಇನ್ನೊಂದು ಮಿತ್ರರ ಪತ್ರ. ವೃತ್ತಪತ್ರಿಕೆಯು ರಿಯೊ ದ ಲ ಪ್ಲಾಟ ನದೀಮುಖದ ಕಡೆ ತಿರುಗುತ್ತಿದ್ದುದು ಬಹುಮಟ್ಟಿಗೆ ಯೂರೋಪಿನ ವ್ಯಾಪಾರಕ್ಕೋ ನೌಕಾಬಲಕ್ಕೋ ಅಲ್ಲಿ ಕೆಲಸ ಬಿದ್ದಾಗ. ಮಿತ್ರರ ಪತ್ರಗಳಲ್ಲಿ ಒಳಗಿನ ವಿಚಾರವಿರುತ್ತಿತ್ತು. ಆದರೆ ಬರೆಯುವವನ ಪಕ್ಷವೂ ಅದರಲ್ಲಿ ಸೇರಿರುತ್ತಿತ್ತು. ಗಿದೊ ಸ್ವತಃ ರೋಸಾಸನ ಸರ್ಕಾರದ ಪರವಾಗಿ ರಿಯೊ ದೆ ಜನೈರೊ ನಗರದಲ್ಲಿ ರಾಯಭಾರಿಯಾಗಿದ್ದವನು. ಕಾಲದ ಅಂತರವಂತೂ ಇದ್ದೇ ಇತ್ತು. 1829ರಲ್ಲಿ ಕಂಡಂತೆ ಹಡಗಿನ ಪ್ರಯಾಣಕ್ಕೆ ಸುಮಾರು ಹನ್ನೊಂದು ವಾರ ಹಿಡಿಯುತ್ತಿತ್ತು. 1838ರ ಆಗಸ್ಟ್ 5ರಂದು ಅವನು ರೋಸಾಸನಿಗೆ ಬರೆದ ಕಾಗದಕ್ಕೆ ಉತ್ತರ ಹೊರಟುದು 1839ರ ಜನವರಿಯಲ್ಲಿ. ಓದುವ ಸುದ್ದಿ ಓದುವ ಹೊತ್ತಿಗೆ ಹಳತಾಗಿರುತ್ತಿತ್ತು.

ಇಂಥ ಸ್ಥಿತಿಯಲ್ಲಿರುವವನು ಏನನ್ನು ನಿರ್ಣಯಿಸಬಲ್ಲನು? ನಗರದ ಬೀದಿಯಲ್ಲಿ ಯಾರು ಯಾರನ್ನು ಹಿಂಸಿಸಿದರು, ಯಾರ ಆಸ್ತಿ ಮುಟ್ಟುಗೋಲಾಯಿತು ಎಂಬುದು ಅವನಿಗೆ ಚೂರುಚೂರಾಗಿ ತಲಪುತ್ತದೆ. ಬಂದರಿನ ಮುಂದೆ ಪರದೇಶದ ಯುದ್ಧನೌಕೆಗಳು ನಿಂತಿರುವುದು ಮಾತ್ರ ಸ್ಪಷ್ಟವಾಗಿ ಕಾಣುತ್ತದೆ. ಒಳಗಿರುವವನಿಗೆ ಮನೆಯ ಜಗಳ ಮೊದಲು ಕೇಳಿಸುತ್ತದೆ. ಹೊರಗಿರುವವನಿಗೆ ಮನೆಯ ಕೋಟೆಗೋಡೆ ಮೊದಲು ಕಾಣುತ್ತದೆ. ಸಾನ್ ಮಾರ್ತೀನನ ಅಭಿಪ್ರಾಯಗಳನ್ನು ಅಳೆಯುವಾಗ ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

5. 1839ರ ಎರಡು ಪತ್ರಗಳು

1838ರ ಮಾರ್ಚಿನಲ್ಲಿ ಫ್ರೆಂಚ್ ನೌಕಾಪಡೆ ಬ್ಯೂನಸ್ ಐರಿಸಿಗೆ ದಿಗ್ಬಂಧನ ಹಾಕಿತು. ಫ್ರಾನ್ಸಿನ ಆಶ್ರಯದಲ್ಲಿಯೇ ಬಾಳುತ್ತಿದ್ದ ಸಾನ್ ಮಾರ್ತೀನನು, ಫ್ರಾನ್ಸಿನ ವಿರುದ್ಧ ಸೇವೆ ಸಲ್ಲಿಸಲು ತಾನು ಸಿದ್ಧನೆಂದು ರೋಸಾಸನಿಗೆ ಬರೆದನು. ಅಪ್ಪಣೆ ಕೈಸೇರಿದ ಮೂರು ದಿನಗಳಲ್ಲಿ ಹೊರಡುವುದಾಗಿಯೂ, ಯುದ್ಧ ಮುಗಿದ ಮೇಲೆ ದೇಶದಲ್ಲಿ ಭದ್ರತೆ, ಶಾಂತಿಗಳಿದ್ದರೆ ಒಂದು ಮೂಲೆಯಲ್ಲಿ ಇರುವುದಾಗಿಯೂ, ಇಲ್ಲವಾದರೆ ಯೂರೋಪಿಗೆ ಹಿಂತಿರುಗುವುದಾಗಿಯೂ ಆ ಪತ್ರದಲ್ಲಿದೆ. ಅಧಿಕಾರದ ಬಯಕೆ ಇದರಲ್ಲಿ ಎಲ್ಲಿಯೂ ಇಲ್ಲ. ರೋಸಾಸನು ವಂದನೆ ಹೇಳಿ, ಈಗ ಅವಶ್ಯವಿಲ್ಲವೆಂದು ಉತ್ತರಿಸಿದನು. ತರುವಾಯ 1839ರಲ್ಲಿ ಪೆರುವಿಗೆ ರಾಯಭಾರಿಯಾಗಿ ನೇಮಿಸಿದನು. ಪೆರುವಿನಿಂದ ಪದವಿಯನ್ನೂ ಪಿಂಚಣಿಯನ್ನೂ ಪಡೆದವನು ಅಲ್ಲಿಗೆ ಬೇರೊಂದು ಸರ್ಕಾರದ ಪ್ರತಿನಿಧಿಯಾಗಿ ಹೋಗುವುದು ಉಚಿತವಲ್ಲವೆಂದು ಸಾನ್ ಮಾರ್ತೀನನು ಆ ನೇಮಕವನ್ನು ಒಪ್ಪಲಿಲ್ಲ.

ಈ ಮಧ್ಯೆ ಬರೆದ ಎರಡು ಪತ್ರಗಳು ನಮ್ಮ ವಿಷಯಕ್ಕೆ ಅತಿ ಮುಖ್ಯವಾದುವು. ಮೊದಲನೆಯದು 1839ರ ಜುಲೈ 10ರಂದು ರೋಸಾಸನಿಗೆ ಬರೆದುದು. ಆಗ ಮಾಂಟೆವಿಡಿಯೊದಲ್ಲಿ ನೆಲಸಿದ್ದ ದೇಶಭ್ರಷ್ಟ ಏಕಾಡಳಿತವಾದಿಗಳು ರೋಸಾಸನನ್ನು ಕೆಡವುವುದಕ್ಕಾಗಿ ಫ್ರೆಂಚರೊಡನೆ ಕೈಜೋಡಿಸಿದ್ದರು. ಪಕ್ಷದ್ವೇಷದಿಂದ ಪರರನ್ನು ಸೇರಿ ತಾಯ್ನಾಡನ್ನು ತಗ್ಗಿಸಲೆಳಸುವವರ ದ್ರೋಹ ಸಮಾಧಿಯಲ್ಲಿಯೂ ಅಳಿಸಿಹೋಗದೆಂದು ಸಾನ್ ಮಾರ್ತೀನನು ಕಠಿಣವಾಗಿ ಖಂಡಿಸಿದನು. ರೋಸಾಸನ ಪಕ್ಷದವರು ಹೆಚ್ಚಾಗಿ ಎತ್ತಿಹೇಳಿರುವುದು ಈ ಪತ್ರವನ್ನೇ.

ಎರಡನೆಯದು ಅದೇ ವರ್ಷ ಸೆಪ್ಟೆಂಬರ್ 21ರಂದು ಹಳೆಯ ಗೆಳೆಯ ಗ್ರೆಗೋರಿಯೊ ಗೋಮೆಸನಿಗೆ ಬರೆದುದು. ಜೂನ್ 27ರಂದು ಬ್ಯೂನಸ್ ಐರಿಸಿನ ಶಾಸನಸಭೆಯ ಅಧ್ಯಕ್ಷ ಮನ್ಯುಯೆಲ್ ವಿಸೆಂತೆ ಮಾಸ ಎಂಬುವನನ್ನು ಸಭಾಭವನದಲ್ಲಿಯೇ ಇರಿದು ಕೊಂದಿದ್ದರು. ಮರುದಿನ ಅವನ ಮಗನಿಗೂ ಗುಂಡಿನ ಶಿಕ್ಷೆಯಾಗಿತ್ತು. ಈ ವಾರ್ತೆ ಮೂರು ತಿಂಗಳೊಳಗಾಗಿ ಗ್ರಾಂ ಬೂರಿಗೆ ಮುಟ್ಟಿತ್ತು. ದೇಶದ ಸಜ್ಜನರನ್ನು ಹಿಂಸಿಸುವ ರೋಸಾಸನ ನಡತೆಯನ್ನು ತಾನು ಒಪ್ಪಲಾರನೆಂದೂ, ಮಾಸನ ಕೊಲೆಯಿಂದ ಆ ಸರ್ಕಾರ ಬಲಾತ್ಕಾರವೊಂದನ್ನೇ ಆಧರಿಸಿದೆಯೆಂಬುದು ತನಗೆ ಮನವರಿಕೆಯಾಯಿತೆಂದೂ ಅವನು ಬರೆದನು. ಆದರೆ ಅದೇ ಪತ್ರದಲ್ಲಿ, ಹೀಗಿದ್ದರೂ ದೇಶದ ಮಗನೊಬ್ಬನು ಪರರಾಷ್ಟ್ರವನ್ನು ಕೂಡಿಕೊಂಡು ತಾಯ್ನಾಡಿಗೆ ಅವಮಾನ ಮಾಡುವುದನ್ನು ಎಂದೆಂದಿಗೂ ಒಪ್ಪೆನೆಂದು ಸೇರಿಸಿದನು.

ಈ ಎರಡು ಪತ್ರಗಳ ನಡುವಣ ಅಂತರ ಸುಮಾರು ಹತ್ತು ವಾರ. ಇವನ್ನು ಒಟ್ಟಿಗೆ ಓದಿದ ಮೇಲೆ, ವೃದ್ಧನಿಗೆ ನಿಜಸ್ಥಿತಿ ತಿಳಿಯಲಿಲ್ಲವೆಂಬ ವಾದ ನಿಲ್ಲುವುದಿಲ್ಲ. ಅವನಿಗೆ ಸಾಕಷ್ಟು ತಿಳಿದಿತ್ತು. ರೋಸಾಸನನ್ನು ಪೂರ್ತಿಯಾಗಿ ಮೆಚ್ಚಿದ್ದನೆಂಬ ವಾದವೂ ನಿಲ್ಲುವುದಿಲ್ಲ. ಅವನು ಎರಡು ಕೇಡುಗಳನ್ನೂ ಕಂಡು, ಅವುಗಳಲ್ಲಿ ಒಂದನ್ನು ಹೆಚ್ಚಿನದೆಂದು ಎಣಿಸಿದನು. ದಬ್ಬಾಳಿಕೆ ಒಬ್ಬ ಆಳುವವನೊಡನೆ ಮುಗಿಯಬಹುದು, ಪರಾಧೀನತೆ ಹಾಗೆ ಮುಗಿಯುವುದಿಲ್ಲವೆಂಬುದು, ಸ್ಪೇನಿನ ಆಳ್ವಿಕೆಯನ್ನು ಕಿತ್ತೊಗೆಯಲು ಹತ್ತು ವರ್ಷ ಹೋರಾಡಿದವನಿಗೆ ಅನುಭವದಿಂದ ಬಂದ ನಂಬಿಕೆಯಾಗಿರಬೇಕೆಂದು ನಾವು ಊಹಿಸುತ್ತೇವೆ.

6. ಖಡ್ಗದ ದಾನ

1844ರ ಉಯಿಲಿನ ಒಕ್ಕಣೆಯೂ ಇದಕ್ಕೆ ಹೊಂದುತ್ತದೆ. ಪರದೇಶೀಯರ ಅನ್ಯಾಯದ ಬೇಡಿಕೆಗಳನ್ನು ಎದುರಿಸಿ ಗಣರಾಜ್ಯದ ಮಾನವನ್ನು ದೃಢತೆಯಿಂದ ಕಾಪಾಡಿದುದಕ್ಕಾಗಿ ಖಡ್ಗವನ್ನು ಕೊಡುವುದಾಗಿ ಅದು ಹೇಳುತ್ತದೆ. ರೋಸಾಸನ ಒಳಾಡಳಿತವನ್ನು ಕುರಿತು ಒಂದು ಮಾತೂ ಅಲ್ಲಿಲ್ಲ. 1829ರಲ್ಲಿ ಅಂತಃಕಲಹಕ್ಕೆ ಕೊಡಲೊಲ್ಲದ ಖಡ್ಗವನ್ನು 1844ರಲ್ಲಿ ಪರಾಕ್ರಮಣದ ನಿವಾರಣೆಗಾಗಿ ಕೊಟ್ಟನು. ನಿಯಮ ಒಂದೇ.

ಆ ಕೊಡುಗೆಗೆ ಕಾರಣವಾದ ಭೀತಿ ಬೇಗನೆ ಮರುಕಳಿಸಿತು. 1845ರಲ್ಲಿ ಬ್ರಿಟನ್ನೂ ಫ್ರಾನ್ಸೂ ಕೂಡಿ ದಿಗ್ಬಂಧನ ಹಾಕಿದುವು. ನವೆಂಬರ್ 20ರಂದು ಪರಾನ ನದಿಯ ಒಬ್ಲಿಗಾದೊ ತಿರುವಿನಲ್ಲಿ ಸರಪಳಿಗಳನ್ನು ಅಡ್ಡಗಟ್ಟಿ ತಡೆದ ಅರ್ಜೆಂಟೀನದ ಪಡೆಯನ್ನು ಭೇದಿಸಿ ಅವರ ನೌಕೆಗಳು ಮುಂದೆ ನುಗ್ಗಿದುವು. ಆ ಚಳಿಗಾಲದಲ್ಲಿ ಸಾನ್ ಮಾರ್ತೀನನು ಆರೋಗ್ಯಕ್ಕಾಗಿ ನೇಪಲ್ಸ್ ನಗರದಲ್ಲಿದ್ದನು. ರೋಗದಿಂದ ತಾನು ಸೇವೆಗೆ ಒದಗಲಾರದೆ ಹೋದೆನೆಂದು ರೋಸಾಸನಿಗೆ ವಿಷಾದದಿಂದ ಬರೆದನು. ಆದರೆ ಬೇರೊಂದು ಬಗೆಯ ಸೇವೆ ಅವನಿಂದ ಸಂದಿತು. ಲಂಡನ್ನಿನಲ್ಲಿ ಅರ್ಜೆಂಟೀನದ ಕಾನ್ಸಲನಾಗಿದ್ದ ಡಿಕ್ಸನನಿಗೆ 1845ರ ಡಿಸೆಂಬರ್ 28ರಂದು ಅವನು ಬರೆದ ಪತ್ರ, ಮುಂದಿನ ಫೆಬ್ರವರಿಯಲ್ಲಿ 'ಮಾರ್ನಿಂಗ್ ಕ್ರಾನಿಕಲ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರಲ್ಲಿ ಆವೇಶದ ಮಾತಿಲ್ಲ, ಸೇನಾನಿಯ ಲೆಕ್ಕಾಚಾರವಿದೆ. ಬ್ಯೂನಸ್ ಐರಿಸನ್ನು ಹಿಡಿಯುವುದು ಸಾಧ್ಯವಾದರೂ ಹಿಡಿದುಕೊಂಡಿರುವುದು ಅಸಾಧ್ಯ. ಜನರ ಮುಖ್ಯ ಆಹಾರ ಮಾಂಸ. ದನ ಕುದುರೆಗಳನ್ನೆಲ್ಲ ಒಳನಾಡಿಗೆ ಅಟ್ಟಿಬಿಟ್ಟರೆ ಸುತ್ತಲೂ ಬಯಲು ಮಾತ್ರ ಉಳಿಯುತ್ತದೆ. ಕೆಲವು ಸಾವಿರ ಕುದುರೆ ಸವಾರರು ದೊಡ್ಡ ಯೂರೋಪಿಯನ್ ಸೈನ್ಯವನ್ನೂ ಊರೊಳಗೆ ಕಟ್ಟಿಹಾಕಬಲ್ಲರು. ಹೊರದೇಶದಲ್ಲಿ ನೆಲಸಿದವನು ಸ್ವದೇಶಕ್ಕೆ ಏನು ಮಾಡಬಲ್ಲನೆಂಬುದಕ್ಕೆ ಇದು ಉತ್ತಮ ನಿದರ್ಶನ. ತಾನು ಬಲ್ಲ ವಿಷಯದಲ್ಲಿ, ತನ್ನ ಮಾತಿಗೆ ಬೆಲೆಯಿರುವ ಜನರ ಮುಂದೆ, ಅಳತೆಯ ಮಾತನ್ನು ಆಡಿದನು.

ರೋಸಾಸನ ವಿರೋಧಿಗಳಿಗೂ ಅವನ ಮನೆಯ ಬಾಗಿಲು ಮುಚ್ಚಿರಲಿಲ್ಲ. 1843ರಲ್ಲಿ ಅಲ್ಬೇರ್ದಿ ಅವನನ್ನು ಕಂಡು ಅವನ ಸರಳತೆಯನ್ನು ಮೆಚ್ಚಿ ಬರೆದನು. 1846ರಲ್ಲಿ ಗ್ರಾಂ ಬೂರಿಗೆ ಬಂದ ಸರ್ಮಿಯೆಂತೊ, ರೋಸಾಸನ ವಿಷಯದಲ್ಲಿ ವೃದ್ಧನ ಅಭಿಪ್ರಾಯವನ್ನು ಕೇಳಿ ನೊಂದು, ಅದನ್ನು ವಯಸ್ಸಿನ ಮೇಲೂ ದೂರದ ಮೇಲೂ ಹೊರಿಸಿದನು. ಮೇಲೆ ಹೇಳಿದ ಮೊದಲನೆಯ ಉತ್ತರದ ಮೂಲ ಇಲ್ಲಿದೆ. ಎರಡನೆಯ ಉತ್ತರ 1930ರ ದಶಕದಲ್ಲಿ ತಲೆಯೆತ್ತಿದ ಪುನರ್ವಿಮರ್ಶಕ ಪಂಥದ ಅರ್ಜೆಂಟೀನ ಇತಿಹಾಸಕಾರರಿಂದ ಬಲಗೊಂಡಿತು.

7. ವಿಮರ್ಶೆ

ಹಾಗೆಂದು ಸಾನ್ ಮಾರ್ತೀನನ ನಡತೆಯಲ್ಲಿ ಕೊರತೆಯಿಲ್ಲವೆನ್ನಲಾಗದು. ಮಾಸನ ಕೊಲೆಯನ್ನು ಖಂಡಿಸಿದ ಮಾತು ಗೆಳೆಯನ ಪೆಟ್ಟಿಗೆಯಲ್ಲಿ ಉಳಿಯಿತು. ಮೆಚ್ಚಿಕೆಯ ಮಾತು ಸ್ವತಃ ರೋಸಾಸನ ಕೈಗೆ ಸೇರಿತು. ರೋಸಾಸನು ಶಾಸನಸಭೆಗೆ ಕಳುಹಿಸಿದ ಸಂದೇಶಗಳಲ್ಲಿ ಸಾನ್ ಮಾರ್ತೀನನನ್ನು ಗೌರವದಿಂದ ಹೆಸರಿಸಿದನು. ಸಾನ್ ಮಾರ್ತೀನನು 1850ರ ಮೇ 6ರ ತನ್ನ ಪತ್ರದಲ್ಲಿ ಅದಕ್ಕೆ ಕೃತಜ್ಞತೆಯನ್ನು ಸೂಚಿಸಿದನು. ಆ ಸರ್ಕಾರದಿಂದ ಪೆಟ್ಟು ತಿಂದವರಿಗೆ ಇದು ಹೇಗೆ ಕೇಳಿಸಿರಬೇಕೆಂಬುದನ್ನು ನಾವು ಊಹಿಸಿಕೊಳ್ಳಬಹುದು. ಖಡ್ಗವೊಂದು ಒಂದೇ ಮಾತನ್ನು ಹೇಳಬಲ್ಲುದು. 'ಇಷ್ಟರ ಮಟ್ಟಿಗೆ ಮಾತ್ರ' ಎಂಬ ಎಲ್ಲೆಯನ್ನು ಅದು ಹೇಳಲಾರದು. ದೂರದಲ್ಲಿರುವವನು ತನ್ನ ತೀರ್ಪಿನ ಫಲವನ್ನು ತಾನು ಉಣ್ಣಬೇಕಾಗಿಲ್ಲ, ಉಣ್ಣುವವರು ಒಳಗಿರುವವರು. ಆದುದರಿಂದ ಅವನ ಮಾತಿನಂತೆ ಅವನ ಮೌನವನ್ನೂ ತೂಗಿ ನೋಡುವುದು ಇತಿಹಾಸಕಾರನ ಕರ್ತವ್ಯ.

1848ರ ಫೆಬ್ರವರಿಯಲ್ಲಿ ಪ್ಯಾರಿಸಿನಲ್ಲಿ ಕ್ರಾಂತಿ ಎದ್ದಾಗ ಕುಟುಂಬವು ಬೂಲೋನ್ ಬಂದರಿಗೆ ಬಂದು, ವಕೀಲ ಜೆರಾರನ ಮನೆಯಲ್ಲಿ ಬಾಡಿಗೆಗೆ ನಿಂತಿತು. ಕಣ್ಣಿಗೆ ಪೊರೆ ಬಂದು ಸಾನ್ ಮಾರ್ತೀನನ ದೃಷ್ಟಿ ಮಂದವಾಯಿತು. ಪತ್ರಿಕೆಗಳನ್ನು ಮಗಳು ಓದಿ ಹೇಳಬೇಕಾಯಿತು. ಆದರೂ 1849ರ ಡಿಸೆಂಬರಿನಲ್ಲಿ, ಪ್ಲಾಟ ಪ್ರದೇಶದಲ್ಲಿ ಬಲಪ್ರಯೋಗದಿಂದ ಪ್ರಯೋಜನವಿಲ್ಲವೆಂದು ಫ್ರೆಂಚ್ ಮಂತ್ರಿ ಬಿನೋ ಎಂಬುವನಿಗೆ ಪತ್ರ ಬರೆಯಿಸಿದನು. ಬ್ರಿಟನ್ನಿನೊಡನೆ ಒಪ್ಪಂದ ಅದೇ ನವೆಂಬರ್ 24ರಂದು ಆಗಿತ್ತು. ಫ್ರಾನ್ಸಿನೊಡನೆ ಆದುದು 1850ರ ಆಗಸ್ಟ್ 31ರಂದು. ಅದನ್ನು ಕೇಳಲು ಸಾನ್ ಮಾರ್ತೀನನು ಉಳಿದಿರಲಿಲ್ಲ. ಎರಡು ವಾರ ಮೊದಲೇ, ಆಗಸ್ಟ್ 17ರಂದು, ತನ್ನ ಎಪ್ಪತ್ತೆರಡನೆಯ ವಯಸ್ಸಿನಲ್ಲಿ ನಿಧನಹೊಂದಿದ್ದನು.

ಖಡ್ಗ ರೋಸಾಸನಿಗೆ ಸಂದಿತು. 1852ರ ಫೆಬ್ರವರಿ 3ರಂದು ಕಸೇರೋಸ್ ಕಾಳಗದಲ್ಲಿ ಸೋತ ರೋಸಾಸನು ಇಂಗ್ಲೆಂಡಿಗೆ ಓಡಿಹೋಗಿ, ಸೌತಾಂಪ್ಟನ್ನಿನ ಬಳಿ ಬೇಸಾಯಗಾರನಾಗಿ ಬಾಳಿ 1877ರಲ್ಲಿ ಸತ್ತನು. ಒಬ್ಬ ದೇಶಾಂತರವಾಸಿಯ ಖಡ್ಗ ಇನ್ನೊಬ್ಬ ದೇಶಾಂತರವಾಸಿಯ ಮನೆಯಲ್ಲಿ ಇಪ್ಪತ್ತೈದು ವರ್ಷ ಉಳಿಯಿತು. ಸಾನ್ ಮಾರ್ತೀನನ ಅಸ್ಥಿಗಳು 1880ರಲ್ಲಿಯೇ ಬ್ಯೂನಸ್ ಐರಿಸಿನ ಪ್ರಧಾನ ದೇವಾಲಯವನ್ನು ಸೇರಿದುವು. ಖಡ್ಗವನ್ನು ರೋಸಾಸನ ಮಗಳು 1897ರಲ್ಲಿ ಅಲ್ಲಿಯ ರಾಷ್ಟ್ರೀಯ ಇತಿಹಾಸ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಿದಳು. ರೋಸಾಸನ ಅಸ್ಥಿಗಳು 1989ರವರೆಗೆ ಕಾಯಬೇಕಾಯಿತು. ಮೂರೂ ಮರಳಿದ ಕಾಲಗಳನ್ನು ಹೋಲಿಸಿದರೆ, ಆ ನಾಡು ಈ ಇಬ್ಬರಿಗೆ ಕೊಟ್ಟ ಸ್ಥಾನವೇನೆಂಬುದು ತಾನೇ ವಿಶದವಾಗುತ್ತದೆ.

ಸಾನ್ ಮಾರ್ತೀನನ ಕೊನೆಯ ಇಪ್ಪತ್ತಾರು ವರ್ಷಗಳು ಅವನ ಚರಿತ್ರೆಗೆ ಅನುಬಂಧವಲ್ಲವೆಂಬುದು ನಮ್ಮ ಅಭಿಪ್ರಾಯ. ಸ್ವದೇಶವೆಂಬುದು ಅದನ್ನಾಳುವ ಸರ್ಕಾರಕ್ಕಿಂತ ಬೇರೆಯೆಂಬ ವಿವೇಕ ಈ ವರ್ಷಗಳಲ್ಲಿ ಅವನಲ್ಲಿ ಗಟ್ಟಿಯಾಯಿತು. ಆ ವಿವೇಕದ ಎಲ್ಲೆಯೂ ಇಲ್ಲಿಯೇ ಕಾಣಿಸಿಕೊಂಡಿತು. ಅವನ ಖಡ್ಗವನ್ನು ಕುರಿತು ವಾದಿಸುವವರು 1839ರ ಎರಡೂ ಪತ್ರಗಳನ್ನು ಪಕ್ಕಪಕ್ಕದಲ್ಲಿ ಇಟ್ಟುಕೊಳ್ಳಬೇಕು. ಒಂದನ್ನು ಬಿಟ್ಟು ಇನ್ನೊಂದನ್ನು ಓದಿದವರಿಗೆ ಅವನು ಅರ್ಧ ಮಾತ್ರ ದೊರೆಯುತ್ತಾನೆ.